ಹಳೆಯ ಮೋಟಾರಿಗೆ ಹೊಸ ಕಂಠ

ಪೆರ್ಡೂರಿನ ಗೃಹಸ್ಥರೊಬ್ಬರು ಕಳೆದ ತಿಂಗಳು ನಮಗೊಂದು ದೀರ್ಘವಾದ ಕಾಗದವನ್ನು ಬರೆದಿದ್ದರು. ಅವರ ಮನೆಯಲ್ಲಿ ತಂದೆಯವರ ಕಾಲದ ಅಂಬಾಸಡರ್ ಮೋಟಾರೊಂದಿದೆ. ಮಾರ್ಕ್ 2 ಎಂಬ ಮಾದರಿಯದು. ತಂದೆಯವರು ತೀರಿಹೋಗಿ ಹನ್ನೊಂದು ವರ್ಷಗಳಾದರೂ ಮೋಟಾರು ಇನ್ನೂ ಓಡುತ್ತಿದೆ. ಡ್ಯಾಶ್‌ಬೋರ್ಡಿನ ನಡುವೆ ಇರುವ ಎರಡು ಗುಂಡಿಗಳ ರೇಡಿಯೋ ಮಾತ್ರ ಬಹುಕಾಲದಿಂದ ಮೌನವಾಗಿದೆ. ಈ ಬೇಸಗೆಯಲ್ಲಿ ಅವರ ಮಗಳ ಮದುವೆಯಾಯಿತು. ಸಿಂಹ ಸಂಕ್ರಮಣದ ದಿನ ನವದಂಪತಿಗಳು ಪೆರ್ಡೂರಿನ ಶ್ರೀ ಅನಂತಪದ್ಮನಾಭನ ಸನ್ನಿಧಿಗೆ ಬರುವುದು ಆ ಸೀಮೆಯ ವಾಡಿಕೆ. ಅದಕ್ಕೆ ಮದುಮಕ್ಕಳ ಜಾತ್ರೆಯೆಂದೇ ಹೆಸರು. ಅಕ್ಕನನ್ನೂ ಭಾವನನ್ನೂ ಕಾರ್ಕಳದಿಂದ ಅಜ್ಜನ ಮೋಟಾರಿನಲ್ಲಿಯೇ ಕರೆತರಬೇಕೆಂದೂ, ದಾರಿಯುದ್ದಕ್ಕೂ ಒಳ್ಳೆಯ ಹಾಡುಗಾರಿಕೆ ಕೇಳಿಸುತ್ತಿರಬೇಕೆಂದೂ ಮನೆಯ ಹುಡುಗನಿಗೆ ಆಸೆ. ಪೇಟೆಯ ಅಂಗಡಿಯವರು ಬಂದು ನೋಡಿ, ಡ್ಯಾಶ್‌ಬೋರ್ಡನ್ನು ಕೊಯ್ದು ಹೊಸ ಸ್ಟೀರಿಯೋ ಕೂರಿಸಬೇಕು, ನಾಲ್ಕು ಬಾಗಿಲುಗಳನ್ನೂ ದುಂಡಗೆ ಕೊರೆದು ಸ್ಪೀಕರ್ ಹಾಕಬೇಕು ಎಂದರಂತೆ. ಆಗ ಮನೆಯ ವೃದ್ಧ ತಾಯಿಯವರು ಚಾವಡಿಯಿಂದಲೇ, “ಮಗಾ, ನಿನ್ನ ಅಪ್ಪಯ್ಯ ಕೈಯಿಟ್ಟ ಜಾಗವನ್ನು ಕೊಯ್ಯಿಸಬೇಡ” ಎಂದರಂತೆ. ತಾಯಿಯ ಮಾತನ್ನು ನಡೆಯಿಸಲೋ, ಮಗನ ಆಸೆಯನ್ನು ನಡೆಯಿಸಲೋ ಎಂಬುದು ಅವರ ಪ್ರಶ್ನೆ.

ಎರಡನ್ನೂ ನಡೆಯಿಸಬಹುದೆಂದು ನಾವು ಮರುಟಪ್ಪಾಲಿನಲ್ಲಿಯೇ ತಿಳಿಸಿದೆವು. ಇಂತಹ ಮೋಟಾರು ಇನ್ನೂ ಅನೇಕ ವಾಚಕರ ಮನೆಗಳಲ್ಲಿ ಇರುವುದರಿಂದ, ಅವರಿಗೆ ಬರೆದುದನ್ನೇ ಇಲ್ಲಿ ಕೊಂಚ ವಿಸ್ತರಿಸಿ ಹೇಳುವೆವು.

ಮೊದಲನೆಯ ಮಾತು ಇದು: ಹಳೆಯ ಮೋಟಾರಿಗೆ ಮಾಡುವ ಸುಧಾರಣೆ ಎಂತಹುದೇ ಆಗಲಿ, ಬೇಡವೆನಿಸಿದ ದಿನ ಸ್ಕ್ರೂ ಬಿಚ್ಚಿ ತೆಗೆದು ಮೋಟಾರನ್ನು ಮೊದಲಿನಂತೆ ಮಾಡಲು ಸಾಧ್ಯವಿರಬೇಕು. ಗರಗಸದಿಂದ ಮಾಡಿದ ಕೆಲಸವನ್ನು ಬಿಚ್ಚಲಾಗದು. ಇದು ನಾವು ಪೆಟ್ಟು ತಿಂದು ಕಲಿತ ಪಾಠ. ನಮ್ಮ ಮನೆಯಲ್ಲಿದ್ದ ಪ್ರೀಮಿಯರ್ ಪದ್ಮಿನಿಯ ಮುಂದಿನ ಬಾಗಿಲುಗಳೆರಡನ್ನೂ ನಾವೇ ಎದುರು ನಿಂತು ಕೊರೆಯಿಸಿದೆವು. ಮೂರನೆಯ ಮಳೆಗಾಲಕ್ಕೆ ಕೊರೆದ ಅಂಚಿನಿಂದ ತುಕ್ಕು ಹಬ್ಬಿತು. ಗಾಜಿನ ಸಂದಿಯಿಂದ ಇಳಿದ ನೀರಿಗೆ ಸ್ಪೀಕರಿನ ಕಾಗದ ನೆನೆದು ಹರಿಯಿತು. ಬೇರೆ ಬಾಗಿಲಿಗಾಗಿ ಊರೂರು ಅಲೆದರೂ ನೆಟ್ಟಗಿರುವುದೊಂದು ದೊರೆಯಲಿಲ್ಲ. ದೊರೆಯುವುದಾದರೂ ಹೇಗೆ? ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಗಾಡಿಯನ್ನು ಅನುಸರಿಸಿ ಬಂಗಾಳದ ಉತ್ತರಪಾರಾದ ಹಿಂದುಸ್ಥಾನ್ ಮೋಟಾರ್ಸ್ ಕಾರಖಾನೆಯಲ್ಲಿ ಅರ್ಧ ಶತಮಾನಕ್ಕೂ ಮಿಕ್ಕಿ ತಯಾರಾಗುತ್ತಿದ್ದ ಅಂಬಾಸಡರ್ 2014ರಲ್ಲಿ ನಿಂತುಹೋಯಿತು. ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಇನ್ನು ಮುಂದೆ ಇವುಗಳಲ್ಲಿ ಒಂದು ಕೆಟ್ಟರೆ ಒಂದು ಕಡಮೆಯಾಯಿತೆಂದೇ ಅರ್ಥ. ಧರ್ಮಸ್ಥಳದಲ್ಲಿ ಹಳೆಯ ಮೋಟಾರುಗಳ ಸಂಗ್ರಹವನ್ನು ನೋಡಿ ಬಂದವರಿಗೆ, ಇದ್ದುದನ್ನು ಇದ್ದಂತೆ ಉಳಿಸಿಕೊಳ್ಳುವುದರ ಬೆಲೆಯನ್ನು ನಾವು ಬೇರೆ ಹೇಳಬೇಕಾಗಿಲ್ಲ.

ಮೋಟಾರಿನಲ್ಲಿ ಹಾಡು ಕೇಳುವ ಹವ್ಯಾಸ ಇಂದು ನಿನ್ನೆಯದಲ್ಲ. ಅಮೆರಿಕದ ಗ್ಯಾಲ್ವಿನ್ ಸೋದರರು 1930ರಲ್ಲಿ ಮೋಟೊರೋಲಾ ಎಂಬ ಹೆಸರಿನ ಮೋಟಾರು ರೇಡಿಯೋವನ್ನು ಮಾರಾಟಕ್ಕೆ ತಂದರು. ಆ ಕಾಲದವು ಗಾಜಿನ ವಾಲ್ವುಗಳ ರೇಡಿಯೋಗಳು. ಪೆಟ್ಟಿಗೆ ದೊಡ್ಡದು, ಬ್ಯಾಟರಿಯ ಮೇಲಿನ ಹೊರೆಯೂ ದೊಡ್ಡದು. ಪೂರ್ತಿಯಾಗಿ ಟ್ರಾನ್ಸಿಸ್ಟರಿನಿಂದ ನಡೆಯುವ ಮೋಟಾರು ರೇಡಿಯೋ ಬಂದುದು 1955ರಲ್ಲಿ. ಫಿಲಿಪ್ಸ್ ಕಂಪೆನಿಯವರ ಕ್ಯಾಸೆಟ್ಟು 1963ರಲ್ಲಿ. 1976ರಲ್ಲಿ ಮಂಗಳೂರಿನಲ್ಲಿ ಆಕಾಶವಾಣಿ ನಿಲಯ ಆರಂಭವಾದ ಬಳಿಕ ಕರಾವಳಿಯ ಮೋಟಾರುಗಳಲ್ಲಿ ನಮ್ಮದೇ ನುಡಿ, ನಮ್ಮದೇ ಹಾಡು ಕೇಳಿಸತೊಡಗಿತು. ಅನಂತರ ಬಂದ ಕ್ಯಾಸೆಟ್ಟುಗಳು ಯಕ್ಷಗಾನವನ್ನು ಬಯಲಿನಿಂದ ಎತ್ತಿ ಮನೆಯೊಳಕ್ಕೂ ಗಾಡಿಯೊಳಕ್ಕೂ ತಂದವು. 1990ರಲ್ಲಿ ರಸ್ತೆಯ ಅಪಘಾತದಲ್ಲಿ ಅಗಲಿದ ಕಾಳಿಂಗ ನಾವಡರ ಭಾಗವತಿಕೆಯನ್ನು ಅವರನ್ನು ಕಾಣದ ಮಕ್ಕಳೂ ಇಂದು ಗುರುತಿಸುವುದು ಈ ಧ್ವನಿಮುದ್ರಣಗಳ ದೆಸೆಯಿಂದ. ಪೆರ್ಡೂರು ಮೇಳದಲ್ಲಿ ದೀರ್ಘಕಾಲ ಭಾಗವತರಾಗಿದ್ದು 2024ರಲ್ಲಿ ತೀರಿಕೊಂಡ ಸುಬ್ರಹ್ಮಣ್ಯ ಧಾರೇಶ್ವರರ ವಿಷಯವೂ ಹಾಗೆಯೇ. ನಮ್ಮ ಗೃಹಸ್ಥರ ತಂದೆಯವರು ಕೂಡಿಟ್ಟ ಇಂತಹ ಕ್ಯಾಸೆಟ್ಟುಗಳ ಪೆಟ್ಟಿಗೆಯೊಂದು ಆ ಮನೆಯ ಅಟ್ಟದಲ್ಲಿದೆಯಂತೆ. ಹೀಗಿರಲಾಗಿ, ಆ ಮೋಟಾರಿಗೆ ಬೇಕಾದ ಧ್ವನಿ ಯಾವುದೆಂದು ಯೋಚಿಸಿದ ಬಳಿಕವೇ ಸಾಮಾನು ಕೊಳ್ಳತಕ್ಕದ್ದು.

ಈಗ ಕೆಲಸದ ಕ್ರಮವನ್ನು ನೋಡೋಣ. ಹಣವನ್ನು ಮೊದಲು ಸ್ಪೀಕರಿಗೆ ಸುರಿಯಬಾರದು. ಗಾಡಿಯೇ ಗಲಾಟೆ ಮಾಡುತ್ತಿದ್ದರೆ ಯಾವ ಸ್ಪೀಕರೂ ಪ್ರಯೋಜನವಿಲ್ಲ. ಬಾಗಿಲಿನ ರಬ್ಬರು ಒಣಗಿ ಬಿರಿದಿದ್ದರೆ ಬದಲಿಸಬೇಕು. ಅಲುಗುವ ಹಿಡಿಕೆ, ಗಾಜಿನ ಪಟ್ಟಿ, ಬಾನೆಟ್ಟಿನ ಚಿಲಕಗಳನ್ನು ಬಿಗಿಗೊಳಿಸಬೇಕು. ಹೊಗೆಕೊಳವೆಯ ಸೋರಿಕೆಯನ್ನು ಮುಚ್ಚಿಸಬೇಕು. ಇಷ್ಟರಿಂದಲೇ ಕಿವಿಗೆ ಅರ್ಧ ನೆಮ್ಮದಿ ದೊರೆಯುವುದು. ಸದ್ದು ತಗ್ಗಲೆಂದು ನೆಲಕ್ಕೆ ಸೆಣಬಿನ ದಪ್ಪ ಹಾಸನ್ನು ಹಾಕುವ ಪದ್ಧತಿಯುಂಟು. ನಮ್ಮ ಕರಾವಳಿಯ ಮಳೆಗೆ ಅದು ಹಿತವಲ್ಲ. ನೀರು ಕುಡಿದ ಹಾಸು ತಿಂಗಳುಗಟ್ಟಲೆ ಒಣಗದೆ ಕೆಳಗಿನ ತಗಡನ್ನು ತಿನ್ನುವುದು. ನೀರು ಹೀರದ ರಬ್ಬರಿನ ಜಾತಿಯ ಹಾಳೆಯೇ ಮೇಲು.

ಎರಡನೆಯದು ವಿದ್ಯುತ್ತಿನ ವಿಚಾರ. ಬ್ರಿಟಿಷ್ ಮಾದರಿಯ ಅನೇಕ ಹಳೆಯ ಗಾಡಿಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಗಾಡಿಯ ಮೈಗೆ ಜೋಡಿಸಿರುತ್ತಿದ್ದರು. ಇಂದಿನ ಸ್ಟೀರಿಯೋಗಳೆಲ್ಲವೂ ಋಣ ತುದಿ ಮೈಗೆ ಸೇರಿರಬೇಕೆಂಬ ನಿಯಮದಿಂದ ಮಾಡಿದವು. ನೋಡದೆ ಜೋಡಿಸಿದರೆ ಹೊಸ ಯಂತ್ರ ಆ ಕ್ಷಣವೇ ಸುಟ್ಟುಹೋದೀತು. ಆದುದರಿಂದ ಬಾನೆಟ್ಟನ್ನು ಎತ್ತಿ, ಗಾಡಿಯ ಮೈಗೆ ಸೇರಿದ ದಪ್ಪ ವಯರು ಬ್ಯಾಟರಿಯ ಯಾವ ತುದಿಯಿಂದ ಬಂದಿದೆಯೆಂಬುದನ್ನು ಮೊಟ್ಟಮೊದಲು ಕಣ್ಣಾರೆ ನೋಡಬೇಕು. ಧನ ತುದಿಯಿಂದ ಬಂದಿದ್ದರೆ ಅದನ್ನು ತಿರುಗಿಸಬಹುದು. ಆದರೆ ಡೈನಮೋವಿಗೆ ಹೊಸ ದಿಕ್ಕನ್ನು ಹಿಡಿಸುವುದು, ಕಾಯಿಲ್ ಮತ್ತು ಆಮ್‌ಮೀಟರಿನ ವಯರುಗಳನ್ನು ಅದಲುಬದಲು ಮಾಡುವುದು ಮುಂತಾದ ಕೆಲಸವಿರುವುದರಿಂದ ಹಳೆಯ ಗಾಡಿಗಳನ್ನು ಬಲ್ಲ ಎಲೆಕ್ಟ್ರಿಶನ್ನರಿಂದಲೇ ಮಾಡಿಸತಕ್ಕದ್ದು.

ಬಳಿಕ ಲೆಕ್ಕ. ಈ ಕಾಲದ ಡೈನಮೋ ಗಾಡಿ ಚೆನ್ನಾಗಿ ಓಡುವಾಗ ಸುಮಾರು 20 ಆಂಪಿಯರ್ ಕೊಡುವುದು. ನಿಂತಲ್ಲಿ ಎಂಜಿನ್ ನಡೆಯುತ್ತಿರುವಾಗ ಬಹು ಸ್ವಲ್ಪ. ಸಿಂಹ ಸಂಕ್ರಮಣದ ಹೊತ್ತಿಗೆ, ಅಂದರೆ ಆಗಸ್ಟಿನ ನಡುವಿನಲ್ಲಿ, ಮಳೆ ಬಿಟ್ಟಿರುವುದಿಲ್ಲ. ರಾತ್ರಿ ಮರಳುವಾಗ 45 ವ್ಯಾಟಿನ ಎರಡು ಹೆಡ್‌ಲೈಟುಗಳಿಗೆ ಏಳೂವರೆ ಆಂಪಿಯರ್, ಉಳಿದ ದೀಪಗಳಿಗೆ ಎರಡು, ವೈಪರಿಗೆ ಮೂರು, ಕಾಯಿಲಿಗೆ ಮೂರು ನಾಲ್ಕು, ಒಟ್ಟು ಹದಿನಾರರಷ್ಟಾಯಿತು. ಉಳಿದುದು ನಾಲ್ಕು ಆಂಪಿಯರ್. ಹದವಾಗಿ ಹಾಡುವ ಸಣ್ಣ ಸ್ಟೀರಿಯೋವಿಗೆ ಇಷ್ಟು ಸಾಕು. ಡಿಕ್ಕಿಯಲ್ಲಿಡುವ ದೊಡ್ಡ ಆಂಪ್ಲಿಫೈಯರಿಗೆ ಏನೇನೂ ಸಾಲದು. ಅದೇ ಬೇಕೆನ್ನುವವರು ಆಲ್ಟರ್ನೇಟರ್ ಹಾಕಿಸಬಹುದು. ಆದರೆ ತೆಗೆದ ಡೈನಮೋವನ್ನು ಗುಜರಿಗೆ ಕೊಡದೆ ಎಣ್ಣೆ ಸವರಿ ಕಟ್ಟಿಡಬೇಕು. ಸ್ಟೀರಿಯೋ ಪೆಟ್ಟಿಗೆಯ ಮೇಲೆ 50 ವ್ಯಾಟಿನ ನಾಲ್ಕು ಎಂದು ಅಚ್ಚಾಗಿರುವುದನ್ನು ಕಂಡು ಮರುಳಾಗಬಾರದು. ಅದು ಕ್ಷಣಮಾತ್ರದ ಲೆಕ್ಕ. ಆರ್.ಎಮ್.ಎಸ್. ಎಂಬ ಅಕ್ಷರಗಳ ಮುಂದೆ ಬರೆದ 15 ಅಥವಾ 20 ವ್ಯಾಟೇ ನಿಜವಾದುದು.

ವಯರಿನ ವಿಷಯದಲ್ಲಿ ಜಿಪುಣತನ ಅಪಾಯಕರ. ಐವತ್ತು ವರ್ಷದ ಹಿಂದಿನ ವಯರುಗಳ ಹೊದಿಕೆ ಕೈಯಿಟ್ಟರೆ ಉದುರುತ್ತಿರುತ್ತದೆ. ಅವುಗಳಿಂದ ಕವಲು ತೆಗೆಯಬಾರದು. ಬ್ಯಾಟರಿಯಿಂದಲೇ ಎರಡೂವರೆ ಚದರ ಮಿಲಿಮೀಟರಿನ ಹೊಸ ವಯರನ್ನು ಎಳೆದು, ಬ್ಯಾಟರಿಯಿಂದ ಅರ್ಧ ಅಡಿಯೊಳಗೆ ಫ್ಯೂಸನ್ನು ಕೂರಿಸಬೇಕು. ತಗಡನ್ನು ದಾಟುವಲ್ಲಿ ರಬ್ಬರಿನ ಉಂಗುರವಿರಲಿ. ಈ ಒಂದು ಫ್ಯೂಸಿನ ಉದಾಸೀನದಿಂದ ಗಾಡಿಗೆ ಬೆಂಕಿ ಹತ್ತಬಹುದು.

ಮೂರನೆಯದು ಯಂತ್ರವನ್ನು ಎಲ್ಲಿಡುವುದೆಂಬ ಪ್ರಶ್ನೆ. ಹಳೆಯ ರೇಡಿಯೋ ಇದ್ದಲ್ಲಿಯೇ ಇರಲಿ. ಬ್ಲೂಟೂತ್ ಇರುವ ಸಣ್ಣ ಆಂಪ್ಲಿಫೈಯರೊಂದನ್ನು ಡ್ಯಾಶ್‌ಬೋರ್ಡಿನ ಕೆಳಗೆ, ಮೊದಲೇ ಇರುವ ಸ್ಕ್ರೂಗಳಿಗೆ ಪಟ್ಟಿ ಕೊಟ್ಟು ಕಟ್ಟಬಹುದು. ರೇಡಿಯೋ ರಿಪೇರಿ ಬಲ್ಲವರು ಹಳೆಯ ಗುಂಡಿಯ ಸ್ವಿಚ್ಚಿನಿಂದಲೇ ಹೊಸ ಯಂತ್ರ ಹೊತ್ತಿಕೊಳ್ಳುವಂತೆ ಮಾಡಿಕೊಡುವರು. ವಾಲ್ವುಗಳ ರೇಡಿಯೋ ಆಗಿದ್ದರೆ ಮಾತ್ರ ಮನೆಯವರು ಅದರ ಮುಚ್ಚಳ ತೆರೆಯಲಾಗದು. ಹನ್ನೆರಡು ವೋಲ್ಟಿನ ಗಾಡಿಯಲ್ಲಿದ್ದರೂ ಅದರೊಳಗೆ ಇನ್ನೂರರ ಆಸುಪಾಸಿನ ವೋಲ್ಟ್ ಹುಟ್ಟುವುದುಂಟು.

ಸ್ಪೀಕರುಗಳಿಗಾಗಿ ಬಾಗಿಲು ಕೊರೆಯುವ ಅಗತ್ಯವೇ ಇಲ್ಲ. ಹಿಂದಿನ ಸೀಟಿನ ಬೆನ್ನಿಗಿರುವ ಹಲಗೆಯನ್ನು ಹಾಗೆಯೇ ತೆಗೆದಿಟ್ಟು, ಅದೇ ಅಳತೆಯ ಮರದ ಹಲಗೆಯನ್ನು ಮಾಡಿಸಿ ಅದಕ್ಕೆ ಆರೂವರೆ ಇಂಚಿನ ಜೋಡಿಯನ್ನು ಕೂರಿಸಬಹುದು. ಮುಂದಿನವರಿಗೆ ನಾಲ್ಕು ಇಂಚಿನ ಜೋಡಿಯನ್ನು ಸಣ್ಣ ಮರದ ಪೆಟ್ಟಿಗೆಗಳಲ್ಲಿಟ್ಟು ಕಾಲ ಬಳಿಯ ಪಕ್ಕಗಳಲ್ಲಿ ನಿಲ್ಲಿಸಬಹುದು. ಕಾಗದದ ಬಟ್ಟಲಿಗಿಂತ ಪ್ಲಾಸ್ಟಿಕ್ ಜಾತಿಯ ಬಟ್ಟಲಿನ ಸ್ಪೀಕರು ನಮ್ಮ ತೇವದ ಗಾಳಿಗೆ ಬಾಳಿಕೆ ಬರುವುದು. ಹಳೆಯ ರೇಡಿಯೋಗಳಲ್ಲಿ ಸ್ಪೀಕರಿನ ಒಂದು ವಯರನ್ನು ಗಾಡಿಯ ಮೈಗೆ ಸೇರಿಸುವ ರೂಢಿಯಿತ್ತು. ಹೊಸ ಯಂತ್ರಕ್ಕೆ ಹಾಗೆ ಮಾಡಿದರೆ ಅದು ಕೆಡುವುದು. ಪ್ರತಿಯೊಂದು ಸ್ಪೀಕರಿಗೂ ಎರಡೆರಡು ವಯರುಗಳು ಯಂತ್ರದಿಂದಲೇ ಹೋಗಬೇಕು. ಎಲ್ಲ ಸ್ಪೀಕರುಗಳ ದಿಕ್ಕು ಒಂದೇ ಆಗಿರಬೇಕೆಂಬುದೂ ಮುಖ್ಯ. ಯಂತ್ರಕ್ಕೆ ಜೋಡಿಸುವ ಮೊದಲು ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಕ್ಷಣ ಮಾತ್ರ ತಾಗಿಸಿದಾಗ ಬಟ್ಟಲು ಮುಂದೆ ಚಿಮ್ಮಿದರೆ, ಸೆಲ್ಲಿನ ಧನ ತುದಿ ತಾಗಿದುದೇ ಸ್ಪೀಕರಿನ ಧನ ತುದಿ. ಮನೆಯ ಮಕ್ಕಳೂ ಮಾಡಬಹುದಾದ ಪರೀಕ್ಷೆಯಿದು. ಒಂದು ತಿರುವುಮುರುವಾದರೂ ಮಂದ್ರಸ್ವರಗಳು ಒಂದನ್ನೊಂದು ನುಂಗಿ ಹಾಡು ಜಾಳಾಗುವುದು.

ನಾಲ್ಕನೆಯದು ಚಟಪಟ ಸದ್ದು. ಎಂಜಿನ್ ಓಡಿದಂತೆಲ್ಲ ಬಾನುಲಿಯಲ್ಲಿ ಚಟಪಟ ಕೇಳಿಸಿದರೆ ಅದು ಪ್ಲಗ್ಗುಗಳ ಕಿಡಿಯ ಫಲ. ಒಳಗೆ ರೆಸಿಸ್ಟೆನ್ಸ್ ಇರುವ ಪ್ಲಗ್ ವಯರುಗಳನ್ನು ಹಾಕಿದರೆ ತಗ್ಗುವುದು. ವೇಗ ಏರಿದಂತೆ ಏರುವ ಕುಂಯ್‌ಗುಟ್ಟುವಿಕೆ ಡೈನಮೋವಿನದು. ಅದರ ದೊಡ್ಡ ತುದಿಗೂ ಗಾಡಿಯ ಮೈಗೂ ನಡುವೆ ಒಂದು ಮೈಕ್ರೋಫ್ಯಾರಡಿನ ಕಂಡೆನ್ಸರ್ ಹಾಕಿಸಬೇಕು. ಫೀಲ್ಡ್ ಎಂಬ ಸಣ್ಣ ತುದಿಗೆ ಅದು ಸಲ್ಲದು. ಯಂತ್ರಗಳ ಅರ್ತ್ ವಯರುಗಳೆಲ್ಲವೂ ಬಣ್ಣ ಕೆರೆದ ಒಂದೇ ಜಾಗದಲ್ಲಿ ಸೇರಲಿ. ಏರಿಯಲ್ಲಿನ ಬುಡ ತುಕ್ಕಿಲ್ಲದ ಲೋಹವನ್ನು ಮುಟ್ಟುತ್ತಿರಲಿ. ಇಷ್ಟೆಲ್ಲ ಮಾಡಿದರೂ ಹೆಬ್ರಿಯನ್ನು ದಾಟಿ ಆಗುಂಬೆಯ ಘಟ್ಟ ಹತ್ತುವಾಗ ಬಾನುಲಿ ಕ್ಷೀಣಿಸಿದರೆ ಅದಕ್ಕೆ ಬೆಟ್ಟ ಕಾರಣವೇ ಹೊರತು ಗಾಡಿಯಲ್ಲ.

ಕೊನೆಯದಾಗಿ ಧ್ವನಿಯ ಹದ. ಬಡಗುತಿಟ್ಟಿನ ಚೆಂಡೆಯ ಪೆಟ್ಟು ಎತ್ತರದ ಸ್ವರದ್ದು, ಹರಿತವಾದುದು, ಮದ್ದಳೆಯದು ನಡುವಿನದು, ಇವೆರಡರ ಮೇಲೆ ಭಾಗವತರ ಕಂಠ ಸ್ಪಷ್ಟವಾಗಿ ನಿಲ್ಲಬೇಕು. ಇದಕ್ಕೆ ಎದೆ ನಡುಗಿಸುವ ದೊಡ್ಡ ಸಬ್‌ವೂಫರ್ ಬೇಕಾಗಿಲ್ಲ. ಅದು ಕಂಠವನ್ನು ಮುಸುಕುವುದು, ಗಾಡಿಯ ತಗಡನ್ನೂ ನಡುಗಿಸುವುದು. ಹಳೆಯ ಕ್ಯಾಸೆಟ್ಟುಗಳನ್ನು ಮಾತ್ರ ಬೇಗನೆ ಬಲ್ಲವರಿಂದ ಪ್ರತಿಮಾಡಿಸಿ ಇಡತಕ್ಕದ್ದು. ಬೂಷ್ಟು ಹಿಡಿದ ಟೇಪನ್ನು ಒಣಗಿಸಿ ಶುಚಿಮಾಡದೆ ಓಡಿಸಿದರೆ ಇದ್ದ ಒಂದು ಪ್ರತಿಯೂ ಹರಿದುಹೋದೀತು. ಮಳೆಗಾಲದಲ್ಲಿ ಗಾಡಿ ತಿಂಗಳುಗಟ್ಟಲೆ ನಿಂತಿರುವುದಾದರೆ ಬ್ಯಾಟರಿಗೊಂದು ಸ್ವಿಚ್ಚನ್ನು ಹಾಕಿಸಬೇಕು. ಸ್ಟೀರಿಯೋ ಮುಚ್ಚಿದ್ದರೂ ನೆನಪಿಗೆಂದು ಹತ್ತು ಮಿಲಿ ಆಂಪಿಯರ್ ಎಳೆಯುತ್ತಿದ್ದರೆ ತಿಂಗಳಿಗೆ ಏಳು ಆಂಪಿಯರ್-ಗಂಟೆ ಸೋರಿತು. ಐವತ್ತರ ಬ್ಯಾಟರಿಯಲ್ಲಿ ಏಳನೆಯ ಒಂದು ಪಾಲು.

ಈ ಅಂಕಣವನ್ನು ಅಚ್ಚಿಗೆ ಕಳುಹಿಸುವ ಹೊತ್ತಿಗೆ ಪೆರ್ಡೂರಿನಿಂದ ಎರಡನೆಯ ಕಾಗದ ಬಂದಿತು. ಗಾಡಿಯಲ್ಲಿ ಒಂದು ಹೊಸ ತೂತನ್ನೂ ಕೊರೆಯದೆ ಕೆಲಸ ಮುಗಿದಿದೆ. ಅಟ್ಟದ ಕ್ಯಾಸೆಟ್ಟುಗಳಲ್ಲಿ ಎರಡು ಕೆಟ್ಟುಹೋಗಿವೆ, ಉಳಿದವು ಪ್ರತಿಯಾಗಿವೆ. ಮೊದಲ ದಿನ ವೃದ್ಧ ತಾಯಿಯವರನ್ನು ಮುಂದಿನ ಸೀಟಿನಲ್ಲಿ ಕುಳ್ಳಿರಿಸಿ ಹಳೆಯ ಗುಂಡಿಯನ್ನು ಅವರಿಂದಲೇ ತಿರುಗಿಸಿದರಂತೆ. ಭಾಗವತಿಕೆ ಎದ್ದುಬಂದಾಗ ಅವರು ಬಹಳ ಹೊತ್ತು ಏನನ್ನೂ ಹೇಳಲಿಲ್ಲವಂತೆ. ಆಮೇಲೆ, “ಸ್ವಲ್ಪ ಸಣ್ಣ ಮಾಡು ಮಗಾ, ಅವರು ಇಷ್ಟು ದೊಡ್ಡದಾಗಿ ಇಡುತ್ತಿರಲಿಲ್ಲ” ಎಂದರಂತೆ. ಸಂಕ್ರಮಣದ ದಿನ ಬಾಳೆಹಣ್ಣಿನ ಹರಕೆಯೊಂದಿಗೆ ಮದುಮಕ್ಕಳು ಆ ಗಾಡಿಯಲ್ಲಿ ಸುಖವಾಗಿ ಬಂದು ಹೋಗಲಿ ಎಂದು ನಾವೂ ಹಾರೈಸುವೆವು.