ಕಣ್ಣಾಗ ಕಣ್ಣಿಟ್ಟು ಮಾತಾಡು ಅನ್ನೋದು ಬಿಡ್ರಿ

ಲಗ್ನದ ದಿನಾ ಬಂದ್ವು. ಆಟಿಸಂ ಇರೋ ಮಕ್ಕಳ ತಾಯಂದಿರಿಗೆ ಈಗಿಂದನ ಎದಿ ಢವಢವ. ಹುಡುಗ ಶಾಣ್ಯಾ ಇರ್ತಾನ, ರೈಲ್ವೆ ಟೈಂಟೇಬಲ್ ಪೂರಾ ಬಾಯಿಪಾಠ. ಅದಕ್ಕ 'ಹೈ ಫಂಕ್ಷನಿಂಗ್' ಅಂತ ಹೆಸರು ಕೊಟ್ಟಿರ್ತಾರ. ಆ ಶಬ್ದನ ಅವಗ ಮುಳುವಾಗೇದ. "ಇಷ್ಟು ಶಾಣ್ಯಾ ಅದಾನ, ಮಂದಿ ಬಂದ್ರ ಮಾತಾಡ್ಸಲಿಕ್ಕೆ ಏನು ಧಾಡಿ? ಸೊಕ್ಕು!" ಅಂತ ಮೌಶಿ, ಕಾಕು, ಬಾಜೂ ಮನಿಯವ್ರು ಎಲ್ಲಾರೂ ಮಾಸ್ತರಾಗಿ ನಿಂದರ್ತೀವಿ. ಕಣ್ಣಾಗ ಕಣ್ಣಿಟ್ಟು ಮಾತಾಡು. ನಗು. ಗಲ್ಲಾ ಹಿಂಡಿದ್ರ ಸುಮ್ನ ನಿಂದ್ರು. ಇದು ಮಂದ್ಯಾಗ ಬೆರೆಯೋದು ಕಲಿಸೋದಲ್ರಿ, ನಾಟಕ ಮಾಡಿಸೋದು.

ಆಟಿಸಂ ಇರೋ ಎಷ್ಟೋ ದೊಡ್ಡವರು ತಾವ ಬರದಾರ: ಎದುರಿನವರ ಕಣ್ಣು ನೋಡ್ಕೋತ ನಿಂತ್ರ ಅವರ ಮಾತು ತಲಿಗೆ ಹೋಗಂಗಿಲ್ಲ ಅಂತ. ಅವ ಗ್ವಾಡಿ ನೋಡ್ಕೋತ ನಿಮ್ಮ ಮಾತು ಪೂರಾ ಕೇಳೋದು ಬೇಕೋ, ನಿಮ್ಮ ಮಾರಿ ನೋಡ್ಕೋತ ಏನೂ ಕೇಳದ ನಿಂದ್ರೋದು ಬೇಕೋ? ಇಡೀ ದಿನಾ ಈ ವೇಷ ಹಾಕಿ ದಣದು, ಮನಿಗೆ ಬಂದ ಮ್ಯಾಲೆ ಅತ್ತು ಕರದು ಮಾಡಿದ್ರ, ಅದನ್ನ ನೋಡಾಕಿ ತಾಯಿ ಒಬ್ಬಾಕಿನ.

ಇನ್ನ ನಮ್ಮ ರೀತಿನರ ಎಷ್ಟು ನೆಟ್ಟಗ ಅವ ನೋಡ್ರಿ. ಹೋಗೋವಾಗ "ಬರ್ತೀನಿ" ಅಂತೀವಿ. "ಊಟ ಆತೇನ್ರಿ?" ಅಂತೀವಿ, ಉತ್ತರ ಬೇಕಾಗಿರಂಗಿಲ್ಲ. "ಬ್ಯಾಡ" ಅಂದವನ ಎಲಿಗೆ ಇನ್ನೊಂದು ಹೋಳಗಿ. ಅಂದದ್ದನ್ನ ಅಂದಂಗನ ತಿಳಕೊಳ್ಳೋ ಹುಡುಗಗ ಇದು ಹೆಂಗ ತಿಳೀಬೇಕು? ಬ್ರಿಟನ್ನಿನ ಡೇಮಿಯನ್ ಮಿಲ್ಟನ್ ಅಂತ ಸಮಾಜಶಾಸ್ತ್ರದವರು, ಅವರೂ ಆಟಿಸಂ ಇರೋರ, 2012ರಾಗ ಬರದ್ರು: ತಿಳೀದ ಹೋಗೋದು ಎರಡೂ ಕಡಿಂದ. ಅವರಿಗೆ ನಾವು ತಿಳಿಯಂಗಿಲ್ಲ, ನಮಗೂ ಅವರು ತಿಳಿಯಂಗಿಲ್ಲ. ಆದ್ರ ಕ್ಲಾಸಿಗೆ ಕಳಸೋದು ಅವರನ್ನಷ್ಟ!

ಹಂಗಂತ ಏನೂ ಕಲಿಸಬ್ಯಾಡ್ರಿ ಅನ್ನಂಗಿಲ್ಲ ನಾ. ಕಾರಣ ಹೇಳಿ ಕಲಸ್ರಿ. "ಬರ್ತೀನಿ ಅಂದ್ರ ಹೋಗ್ತೀನಿ ಅಂತ ಅರ್ಥ, ಬರೇ ಹೋಗ್ತೀನಿ ಅನ್ನೋದು ಅಪಶಕುನ ಅಂತ ಹಿರಿಯರು ನಂಬ್ಯಾರ" ಅಂತ ಬಿಡಿಸಿ ಹೇಳ್ರಿ. ಅಮೆರಿಕಾದ ಶಿಕ್ಷಕಿ ಕ್ಯಾರಲ್ ಗ್ರೇ ಅವರ 'ಸೋಶಿಯಲ್ ಸ್ಟೋರಿ' 1990ರ ದಶಕದಿಂದ ನಡದು ಬಂದದ, ಅದೂ ಇಂಥಾದ್ದ: ಅಲ್ಲಿ ಯಾರು ಬರ್ತಾರ, ಏನಾಗ್ತದ, ಯಾಕಾಗ್ತದ ಅಂತ ಸಣ್ಣ ಕತಿಯಂಗ ಮೊದಲ ಬರದು ತೋರಸೋದು.

ಮತ್ತ "ಒಲ್ಲೆ, ಮುಟ್ಟಬ್ಯಾಡ್ರಿ" ಅನ್ನೋದನ್ನ ಎಲ್ಲಾಕ್ಕಿಂತ ಮೊದಲು ಕಲಸ್ರಿ. ಗಲ್ಲಾ ಹಿಂಡಿಸ್ಕೊಂಡು ನಗಬೇಕು, ದೊಡ್ಡವರು ಅಂದದ್ದಕ್ಕೆಲ್ಲಾ ಹೂಂ ಅನಬೇಕು ಅಂತ ಹತ್ತು ವರ್ಷ ರೂಢಿ ಮಾಡಿಸಿದ ಹುಡುಗಿ, ನಾಳೆ ಕೆಟ್ಟ ಕೈ ಮೈಮ್ಯಾಲೆ ಬಂದ್ರ ಹೆಂಗ ಒಲ್ಲೆ ಅಂದಾಳು? ವೈನಿ, ಇದೊಂದು ವಿಚಾರ ಮಾಡ್ರಿ. ಮರ್ಯಾದಿ ಅಂತ ನಾವು ಕಲಸಿದ್ದ ಆಕಿನ ಬಾಯಿ ಕಟ್ಟತದ.

ಈ ಸರ್ತೆ ಲಗ್ನದ ಮನ್ಯಾಗ ಬ್ಯಾಂಡಿನ ಸಪ್ಪಳ ಕೇಳದಂಥಾ ಒಂದು ಖೋಲಿ ಈ ಮಕ್ಕಳಿಗೆ ಬಿಟ್ಟುಕೊಡ್ರಿ. ಅಲ್ಲಿ ಕೂತವನ್ನ "ಹೊರಗ ಬಾರೋ" ಅಂತ ಎಳೀಲಿಕ್ಕೆ ಯಾರೂ ಹೋಗಬ್ಯಾಡ್ರಿ. ತಾಟು ಅಲ್ಲೇ ಕಳಸ್ರಿ, ಹೋಳಗಿ ಮಾತ್ರ ಕೇಳಿ ಬಡಸ್ರಿ.