ಪಾಸ್‌ಪೋರ್ಟಿನ ಒಂದು ಪ್ರತಿ ಊರಲ್ಲಿರಲಿ

ಅನುಗೊಂಡನಹಳ್ಳಿ ಹೋಬಳಿಯ ಅಣ್ಣಂದಿರೇ, ಅಕ್ಕಂದಿರೇ, ಮನೆಯ ಹಿರಿಯರೇ,

ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಸೇರಿ ಟೂರ್ ಗುಂಪಿನ ಜೊತೆ ದುಬೈಗೋ, ಸಿಂಗಪುರಕ್ಕೋ, ನೇಪಾಳಕ್ಕೋ ಹೊರಟು ನಿಂತವರಲ್ಲಿ ನನ್ನದೊಂದು ಮನವಿ. ಹೊರಡುವ ಮುನ್ನ ನಿಮ್ಮ ಪ್ರವಾಸದ ಎಲ್ಲ ಕಾಗದಪತ್ರಗಳ ಒಂದು ಜೆರಾಕ್ಸ್ ಸೆಟ್ ಮಾಡಿಸಿ, ಊರಲ್ಲೇ ಉಳಿಯುವ, ನೀವು ನಂಬುವ ಒಬ್ಬರ ಕೈಗೆ ಕೊಟ್ಟು ಹೋಗಿ. ಇನ್ನೊಂದು ಸೆಟ್ ನಿಮ್ಮ ಬಳಿಯೇ ಇರಲಿ. ಖರ್ಚು ಐವತ್ತು ರೂಪಾಯಿ ದಾಟುವುದಿಲ್ಲ.

ಹೋಗಬೇಡಿ ಎನ್ನುತ್ತಿಲ್ಲ, ಖಂಡಿತ ಹೋಗಿ. ದೇವನಹಳ್ಳಿಯ ವಿಮಾನ ನಿಲ್ದಾಣ 2008ರಿಂದ ನಮ್ಮ ಜಿಲ್ಲೆಯಲ್ಲೇ ಇದೆ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹಾಕುತ್ತ ಒಂದು ದಿನವೂ ಬಿಡುವು ಕಾಣದ ತಾಯಂದಿರು ಒಮ್ಮೆಯಾದರೂ ಅಲ್ಲಿಂದ ವಿಮಾನ ಹತ್ತಬೇಕು. ಮೊದಲ ಸಲ ಹೋಗುವವರಿಗೆ ಗೈಡ್ ಇರುವ ಗುಂಪೇ ವಾಸಿ. ಭಾಷೆ ಬಾರದಿದ್ದರೂ ನಡೆಯುತ್ತದೆ, ಅನ್ನ ಸಾರಿನ ವ್ಯವಸ್ಥೆಯನ್ನೂ ಅವರೇ ನೋಡಿಕೊಳ್ಳುತ್ತಾರೆ. ನನ್ನ ಆತಂಕ ಇರುವುದು ಈ ಅನುಕೂಲದ ಒಳಗೇ. ಪಾಸ್‌ಪೋರ್ಟು ಟೂರ್ ಮ್ಯಾನೇಜರ್ ಬ್ಯಾಗಿನಲ್ಲಿ, ಹೋಟೆಲಿನ ಹೆಸರು ಅವರ ಫೋನಿನಲ್ಲಿ, ಇನ್ಶೂರೆನ್ಸ್ ಪಾಲಿಸಿ ಅವರ ಆಫೀಸಿನಲ್ಲಿ. ಅವರೊಬ್ಬರ ಫೋನ್ ಆಫ್ ಆದರೆ ನಮ್ಮ ಮನೆಯ ಐದು ಜನ ಯಾವ ಊರಲ್ಲಿದ್ದಾರೆಂದು ಹೇಳುವವರೇ ಇಲ್ಲ.

2018ರ ಜುಲೈ ನೆನಪಿಸಿಕೊಳ್ಳಿ. ನೇಪಾಳದ ದಾರಿಯಲ್ಲಿ ಖಾಸಗಿ ಟೂರ್‌ಗಳ ಜೊತೆ ಕೈಲಾಸ ಮಾನಸ ಸರೋವರಕ್ಕೆ ಹೋಗಿದ್ದ 1,500ಕ್ಕೂ ಹೆಚ್ಚು ಭಾರತೀಯರು ಸಿಮಿಕೋಟ್, ಹಿಲ್ಸಾ ಮತ್ತು ಟಿಬೆಟ್ ಕಡೆಯಲ್ಲಿ ಸಿಕ್ಕಿಹಾಕಿಕೊಂಡರು. ಅವರಲ್ಲಿ ಸುಮಾರು 290 ಮಂದಿ ಕರ್ನಾಟಕದವರು. ಸಿಮಿಕೋಟ್‌ನಿಂದ ಇಳಿದು ಬರಲು ಸಣ್ಣ ವಿಮಾನಗಳು, ಹಿಲ್ಸಾದಿಂದ ಹೆಲಿಕಾಪ್ಟರ್. ಮಳೆ ಮೋಡ ಕವಿದರೆ ಎರಡೂ ಹಾರುವುದಿಲ್ಲ. ಕಠ್ಮಂಡುವಿನ ಭಾರತೀಯ ರಾಯಭಾರ ಕಚೇರಿ ಆಗ ಸಹಾಯವಾಣಿ ತೆರೆದು, ಕನ್ನಡದಲ್ಲಿ ಮಾತನಾಡುವವರನ್ನೂ ಅದಕ್ಕೆ ನೇಮಿಸಿತು. ಅಷ್ಟು ದೂರದ ಕಚೇರಿಯಲ್ಲಿ ಒಬ್ಬರು ಕನ್ನಡದಲ್ಲಿ ‘ಹೇಳಿ’ ಎನ್ನುತ್ತಾರೆ ಎಂದರೆ ಎಂಥ ಧೈರ್ಯ! ಆದರೆ ಅಂಥ ಫೋನಿನಲ್ಲಿ ಅವರು ಮೊದಲು ಕೇಳುವುದು ಪಾಸ್‌ಪೋರ್ಟಿನಲ್ಲಿರುವ ಹೆಸರು, ಅದರ ನಂಬರು, ಕರೆದುಕೊಂಡು ಹೋದ ಟೂರ್ ಯಾವುದು, ಕಡೆಯದಾಗಿ ಎಲ್ಲಿ ತಂಗಿದ್ದರು ಎಂಬುದನ್ನು. ಫೋನ್ ಹಿಡಿದು ಕೂತ ಮಗನಿಗೋ ಸೊಸೆಗೋ ಇದು ಗೊತ್ತಿರಬೇಕಲ್ಲ?

ಮರುವರ್ಷ, 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರ, ಕೊಲಂಬೊದ ಬಾಂಬ್ ಸ್ಫೋಟಗಳಲ್ಲಿ ನಮ್ಮ ಜಿಲ್ಲೆಯ ನೆಲಮಂಗಲದವರೂ ಪ್ರಾಣ ಕಳೆದುಕೊಂಡರು. 18ರಂದು ಲೋಕಸಭೆಯ ಮತದಾನ ಮುಗಿಸಿ, ನಾಲ್ಕು ದಿನ ವಿಶ್ರಾಂತಿಗೆಂದು ಗೆಳೆಯರ ಗುಂಪಿನಲ್ಲಿ ಹೋದವರು ಅವರು. ಅಂಥ ಸಾವನ್ನು ಯಾವ ಕಾಗದವೂ ತಡೆಯುವುದಿಲ್ಲ, ನಿಜ. ಆದರೆ ಟಿವಿಯಲ್ಲಿ ಸುದ್ದಿ ಬಂದಾಗ ‘ನಮ್ಮವರು ಇರುವುದು ಅದೇ ಹೋಟೆಲಿನಲ್ಲಾ?’ ಎಂಬ ಪ್ರಶ್ನೆಗಾದರೂ ಮನೆಯವರ ಕೈಯಲ್ಲಿ ಉತ್ತರ ಇರಬೇಕು. ಗೊತ್ತಿಲ್ಲದೆ ಗಂಟೆಗಟ್ಟಲೆ ಕಾಯುವ ಸಂಕಟ ಯಾರಿಗೂ ಬೇಡ.

ಆದ್ದರಿಂದ ಆ ಸೆಟ್‌ನಲ್ಲಿ ಪ್ರತಿಯೊಬ್ಬರ ಪಾಸ್‌ಪೋರ್ಟಿನ ಮೊದಲ ಮತ್ತು ಕೊನೆಯ ಪುಟ, ವೀಸಾ, ಹೋಗಿಬರುವ ಟಿಕೆಟ್, ಯಾವ ರಾತ್ರಿ ಯಾವ ಹೋಟೆಲ್ ಎಂಬ ಪಟ್ಟಿ, ಇನ್ಶೂರೆನ್ಸ್ ಪಾಲಿಸಿ, ಟೂರ್ ಮ್ಯಾನೇಜರ್ ನಂಬರ್, ಆ ದೇಶದ ಭಾರತೀಯ ರಾಯಭಾರ ಕಚೇರಿಯ ತುರ್ತು ನಂಬರ್ ಇರಲಿ. ವಿದೇಶಾಂಗ ಸಚಿವಾಲಯ 2015ರಲ್ಲಿ ಆರಂಭಿಸಿದ ‘ಮದದ್’ ಪೋರ್ಟಲ್‌ನಲ್ಲಿ ಊರಲ್ಲಿದ್ದವರೇ ದೂರು ದಾಖಲಿಸಬಹುದು. ಅದಕ್ಕೂ ಈ ವಿವರಗಳೇ ಬೇಕು. ಅಲ್ಲಿ ಪಾಸ್‌ಪೋರ್ಟು ಕಳೆದುಹೋದರೆ ಪೊಲೀಸರಿಗೆ ದೂರು ಕೊಟ್ಟು, ರಾಯಭಾರ ಕಚೇರಿಯಿಂದ ಭಾರತಕ್ಕೆ ಮರಳಲು ತುರ್ತು ಪ್ರಮಾಣಪತ್ರ ಪಡೆಯಬೇಕಾಗುತ್ತದೆ. ಹಳೆಯದರ ಪ್ರತಿ ಕೈಯಲ್ಲಿದ್ದರೆ ಆ ಕೆಲಸ ಎಷ್ಟೋ ಹಗುರ. ಹೋಟೆಲಿನವರಿಗೆ ತೋರಿಸಲು ಮ್ಯಾನೇಜರ್ ಕೈಗೆ ಪಾಸ್‌ಪೋರ್ಟು ಕೊಟ್ಟರೂ ಕೆಲಸ ಮುಗಿದ ಕೂಡಲೇ ಕೇಳಿ ಇಸಿದುಕೊಳ್ಳಿ. ಸಂಕೋಚ ಬೇಡ.

ಅಜ್ಜ ಅಜ್ಜಿ ಜೊತೆಗಿದ್ದರೆ ಅವರ ಬಗ್ಗೆ ಹೆಚ್ಚು ಗಮನವಿರಲಿ. ಗುಂಪಿನಿಂದ ತಪ್ಪಿಸಿಕೊಂಡರೆ ದಾರಿ ಕೇಳಲು ಅವರಿಗೆ ಭಾಷೆ ಇಲ್ಲ. ಪ್ರತಿ ಹೋಟೆಲಿನಲ್ಲೂ ಕೌಂಟರಿನಲ್ಲಿ ವಿಳಾಸದ ಕಾರ್ಡು ಕೇಳಿ ಪಡೆದು, ಹಿಂಬದಿಯಲ್ಲಿ ನಿಮ್ಮ ನಂಬರ್ ಬರೆದು ಅವರ ಜೇಬಿಗೆ, ಪರ್ಸಿಗೆ ಹಾಕಿ. ಬಿಪಿ, ಶುಗರ್, ಹೃದಯದ ತೊಂದರೆ ಇದ್ದರೆ ಇನ್ಶೂರೆನ್ಸ್ ಅರ್ಜಿಯಲ್ಲಿ ಮುಚ್ಚಿಡಬೇಡಿ. ಮುಚ್ಚಿಟ್ಟಿದ್ದು ಗೊತ್ತಾದರೆ ಆಸ್ಪತ್ರೆಯ ಬಿಲ್ಲು ನಿಮ್ಮ ತಲೆಗೇ ಬರುತ್ತದೆ. ಮಾತ್ರೆಗಳ ಜೊತೆ ಡಾಕ್ಟರ ಚೀಟಿ ಇರಲೇಬೇಕು. ದುಬೈಗೆ ಹೋಗುವವರು ಇನ್ನೊಂದು ಮಾತು ಕೇಳಿ: ಅಲ್ಲಿ ಗಸಗಸೆ ನಿಷಿದ್ಧ. ಪಾಯಸಕ್ಕೆಂದು ಇಟ್ಟುಕೊಂಡ ಒಂದು ಪೊಟ್ಟಣಕ್ಕೂ ಮಾದಕ ವಸ್ತುವಿನ ಕೇಸು ಬೀಳಬಹುದು. ವೀಳ್ಯದೆಲೆಯನ್ನೂ ಅಲ್ಲಿ ಬಿಡುವುದಿಲ್ಲ. ಅಜ್ಜಿಯ ಎಲೆ ಅಡಿಕೆ ಚೀಲ ಮನೆಯಲ್ಲೇ ಇರಲಿ.

ದುಡ್ಡಿನ ವಿಷಯದಲ್ಲಿ ನಾವು ಪರಿಚಯವನ್ನೇ ರಸೀದಿ ಎಂದುಕೊಳ್ಳುತ್ತೇವೆ. ‘ಗೊತ್ತಿರೋರೇ ಬಿಡಿ’ ಎಂದು ಲಕ್ಷಗಟ್ಟಲೆ ನಗದು ಎಣಿಸಿ ಕೊಡುವ ಮನೆಗಳಿವೆ. ದಯವಿಟ್ಟು ಬ್ಯಾಂಕಿನ ಮೂಲಕ ಕೊಡಿ. ಬಿಲ್ಲು, ಏನೇನು ಸೇರಿದೆ ಎಂಬ ಪಟ್ಟಿ, ರದ್ದಾದರೆ ಎಷ್ಟು ವಾಪಸ್ ಎಂಬ ಷರತ್ತು ಬರಹದಲ್ಲಿ ಪಡೆಯಿರಿ. ವಿದೇಶಿ ಪ್ಯಾಕೇಜ್ ಮಾರುವವರು ಟಿಸಿಎಸ್ ಎಂಬ ತೆರಿಗೆ ವಸೂಲು ಮಾಡಬೇಕೆಂಬ ನಿಯಮ 2020ರಿಂದ ಇದೆ. ‘ಕ್ಯಾಷ್ ಕೊಟ್ಟರೆ ಅದು ಉಳಿಯುತ್ತೆ’ ಎಂದು ಆಸೆ ತೋರಿಸಿದರೆ ಬಲಿಬೀಳಬೇಡಿ, ಉಳಿಯದೆ ಹೋಗುವುದು ನಿಮ್ಮ ಸಾಕ್ಷಿ. ಆ ತೆರಿಗೆ ಜಮೆಯಾಗುವುದು ನಿಮ್ಮ ಪ್ಯಾನ್ ನಂಬರಿಗೆ. ಬೇಸಾಯದ ವರಮಾನಕ್ಕೆ ಆದಾಯ ತೆರಿಗೆ ಇಲ್ಲವೆಂದು ನಮ್ಮಲ್ಲಿ ಎಷ್ಟೋ ಜನ ರಿಟರ್ನ್ಸ್ ಸಲ್ಲಿಸುವುದೇ ಇಲ್ಲ; ಸಲ್ಲಿಸಿದರೆ, ತೆರಿಗೆ ಬಾಕಿ ಇಲ್ಲದವರಿಗೆ ಅದು ಪೂರ್ತಿ ವಾಪಸ್ ಬರುತ್ತದೆ. ಇನ್ನು ಮಾತು ಕೊಟ್ಟ ಸೌಲಭ್ಯ ಕೊಡದಿದ್ದರೆ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ಟೂರ್ ಕಂಪನಿ ಮುಂಬೈಯಲ್ಲಿದ್ದರೂ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಕೈಯಲ್ಲಿ ಬಿಲ್ಲು ಇದ್ದವರ ದೂರಿಗೆ ಬಲವಿರುತ್ತದೆ.

ವೈಟ್‌ಫೀಲ್ಡ್‌ನಲ್ಲೋ ಅಮೆರಿಕದಲ್ಲೋ ಕೆಲಸದಲ್ಲಿದ್ದು ಅಪ್ಪ ಅಮ್ಮನನ್ನು ಮಾತ್ರ ಗುಂಪಿನ ಜೊತೆ ಕಳಿಸುವ ಮಕ್ಕಳಿಗೆ ಇದನ್ನು ಒತ್ತಿ ಹೇಳುತ್ತೇನೆ. ದುಡ್ಡು ಕಟ್ಟಿದರೆ ನಿಮ್ಮ ಕೆಲಸ ಮುಗಿಯಲಿಲ್ಲ. ಅವರ ಜೊತೆ ಕೂತು ಪ್ರತಿ ಕಾಗದವೂ ಏನು, ಏಕೆ ಎಂದು ಕನ್ನಡದಲ್ಲಿ ಓದಿ ಹೇಳಿ. ಅಮ್ಮನಿಗೆ ಫೋನ್ ಮಾಡಲು ಬರುತ್ತದೆಂದರೆ ಸಾಲದು, ಆ ದೇಶದಲ್ಲಿ ಆ ಸಿಮ್ ನಡೆಯುತ್ತದೆಯೇ ಎಂದು ಮೊದಲೇ ನೋಡಿ.

ಹೋಗಿಬಂದವರಲ್ಲೂ ಒಂದು ಕೋರಿಕೆ. ನಿಮಗೆ ಗೊತ್ತಿರುವುದು ನಿಮ್ಮ ಮನೆಯಲ್ಲೇ ಉಳಿಯದಿರಲಿ. ಪಂಚಾಯಿತಿ ಗ್ರಂಥಾಲಯದಲ್ಲಿ ರಜೆಗೆ ಮುಂಚೆ ಒಂದು ಭಾನುವಾರ ಕೂತು, ಮೊದಲ ಸಲ ಹೊರಟವರ ಕಾಗದಗಳನ್ನು ನೋಡಿಕೊಡಿ: ಪಾಸ್‌ಪೋರ್ಟಿಗೆ ಆರು ತಿಂಗಳ ಅವಧಿ ಉಳಿದಿದೆಯೇ, ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಕ್ಷರ ತಾಳೆಯಾಗುತ್ತದೆಯೇ, ಇನಿಶಿಯಲ್ ವ್ಯತ್ಯಾಸ ಇದೆಯೇ. ನಮ್ಮ ಕಡೆಯ ಹೆಸರುಗಳಲ್ಲಿ ಈ ಇನಿಶಿಯಲ್ ತೊಡಕು ಬಹಳ.

ಟಿಕೆಟ್ ಆಗಿರುವವರು ನಾಳೆಯೇ ಜೆರಾಕ್ಸ್ ಅಂಗಡಿಗೆ ಹೋಗಿ. ಸೆಟ್ ಇಟ್ಟುಕೊಳ್ಳುವಂತೆ ನಿಮ್ಮನ್ನು ಕೇಳಿದರೆ, ಊರಲ್ಲಿ ಉಳಿಯುವವರೇ, ಇಲ್ಲವೆನ್ನಬೇಡಿ. ಅವರು ಮನೆಗೆ ಮರಳುವವರೆಗೂ ನಿಮ್ಮ ಫೋನ್ ಆನ್ ಇರಲಿ.