ಹಸುವಿಗೆ ಲಸಿಕೆ ಉಂಟು, ರೈತನಿಗೆ?

ರಾಮನಗರ, ಚನ್ನಪಟ್ಟಣ, ಕನಕಪುರ ಮತ್ತು ಮಾಗಡಿ ತಾಲ್ಲೂಕುಗಳ ಕೊಟ್ಟಿಗೆಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹೊತ್ತು ಪಶುಪಾಲನಾ ಇಲಾಖೆಯ ಸಿಬ್ಬಂದಿ ಬರುತ್ತಾರೆ. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದ ಈ ವ್ಯವಸ್ಥೆ ಸ್ವಾಗತಾರ್ಹ. ಆದರೆ ಅದೇ ಕೊಟ್ಟಿಗೆಯ ಸಗಣಿ ಬಾಚಿ, ಹಿಪ್ಪುನೇರಳೆ ತೋಟಕ್ಕೆ ಗೊಬ್ಬರ ಹೊರುವವರ ಧನುರ್ವಾಯು ಲಸಿಕೆಯ ಬಗ್ಗೆ ವಿಚಾರಿಸುವವರು ಯಾರು?

ತುಕ್ಕು ಹಿಡಿದ ಮೊಳೆ ಚುಚ್ಚಿದರೆ ಮಾತ್ರ ಧನುರ್ವಾಯು ಬರುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಅಪಾಯವಿರುವುದು ತುಕ್ಕಿನಲ್ಲಲ್ಲ, ಮಣ್ಣು ಮತ್ತು ಸಗಣಿಯಲ್ಲಿ ವರ್ಷಗಟ್ಟಲೆ ಬದುಕುಳಿಯುವ ರೋಗಾಣುವಿನಲ್ಲಿ. ಬರಿಗಾಲಿಗೆ ನಾಟಿದ ಜಾಲಿಮುಳ್ಳು, ಸೊಪ್ಪು ಕೊಯ್ಯುವಾಗ ತಗುಲಿದ ಕುಡುಗೋಲು ಅದಕ್ಕೆ ದಾರಿಯಾಗಬಲ್ಲವು. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ದವಡೆ ಬಿಗಿಯುತ್ತದೆ, ಮೈ ಬಿಲ್ಲಿನಂತೆ ಬಾಗುತ್ತದೆ. ನರಗಳಿಗೆ ಅಂಟಿದ ವಿಷವನ್ನು ಬಿಡಿಸುವ ಔಷಧವಿಲ್ಲ.

ತಾಯಂದಿರು ಮತ್ತು ನವಜಾತ ಶಿಶುಗಳ ಧನುರ್ವಾಯು ನಿರ್ಮೂಲನೆಯನ್ನು ಭಾರತ 2015ರಲ್ಲಿ ಸಾಧಿಸಿತು. ಇದು ಸಣ್ಣ ಸಾಧನೆಯಲ್ಲ. ಆದರೆ ರೋಗಾಣು ಮಣ್ಣಿನಿಂದ ಮರೆಯಾಗಿಲ್ಲ. ಈ ರೋಗ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲವಾದ್ದರಿಂದ ನೆರೆಯವರು ಪಡೆದ ಲಸಿಕೆ ನಮ್ಮನ್ನು ಕಾಯದು.

ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ ಆರಂಭವಾದದ್ದು 1985ರಲ್ಲಿ. ಅದರ ವೇಳಾಪಟ್ಟಿಯಲ್ಲಿ ಶಿಶುಗಳಿದ್ದಾರೆ, 10 ಮತ್ತು 16ನೇ ವಯಸ್ಸಿನ ಮಕ್ಕಳಿದ್ದಾರೆ, ಗರ್ಭಿಣಿಯರಿದ್ದಾರೆ. ಐವತ್ತು ದಾಟಿದ ರೈತನಿಲ್ಲ. ಅವರಲ್ಲಿ ಅನೇಕರು ಬಾಲ್ಯದ ಲಸಿಕೆಯನ್ನೇ ಕಾಣದವರು. ರೈತ ಮಹಿಳೆಗೂ ಕೊನೆಯ ಹೆರಿಗೆಯೊಂದಿಗೆ ಲಸಿಕೆಯ ಸರದಿ ಮುಗಿಯುತ್ತದೆ. ಗಾಯವಾದ ಮೇಲೆ 'ಟಿ.ಟಿ. ಸೂಜಿ' ಹಾಕಿಸಿಕೊಂಡರಾಯಿತು ಎಂಬ ಸಮಾಧಾನವೂ ಅಪೂರ್ಣ. ಹಿಂದೆಂದೂ ಲಸಿಕೆ ಪಡೆಯದವರ ದೇಹದಲ್ಲಿ ಒಂದೇ ಸೂಜಿಯಿಂದ ತಕ್ಷಣ ರಕ್ಷಣೆ ಮೂಡದು. ಮಣ್ಣು ಸೇರಿದ ಗಾಯಕ್ಕೆ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದೂ ಬೇಕಾಗುತ್ತದೆ.

ಆದ್ದರಿಂದ ಗಾಯಕ್ಕೆ ಮೊದಲೇ ಲಸಿಕೆ ತಲುಪಬೇಕೆಂಬುದು ನನ್ನ ವಾದ. ಹಿಂದೆ ಪಡೆಯದ ವಯಸ್ಕರಿಗೆ ಮೂರು ಡೋಸ್ ಬೇಕು: ಮೊದಲೆರಡರ ನಡುವೆ ಕನಿಷ್ಠ ನಾಲ್ಕು ವಾರ, ಮೂರನೆಯದು ಆರು ತಿಂಗಳ ಬಳಿಕ, ಆಮೇಲೆ ಹತ್ತು ವರ್ಷಕ್ಕೊಂದು. ಟಿ.ಟಿ. ಬದಲಿಗೆ ಬಂದಿರುವ ಟಿ.ಡಿ. ಲಸಿಕೆ ಗಂಟಲಮಾರಿಯಿಂದಲೂ ರಕ್ಷಿಸುತ್ತದೆ. ಇದಕ್ಕೆ ಹೊಸ ಕಟ್ಟಡವಾಗಲಿ ಹೊಸ ಇಲಾಖೆಯಾಗಲಿ ಬೇಡ. ಹಾಲು ಉತ್ಪಾದಕರ ಸಂಘಗಳಿಗೆ ರೈತರು ನಿತ್ಯ ಬರುತ್ತಾರೆ. ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ನೆರೆಯುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿ ಅಲ್ಲಿಗೆ ಹೋಗಲಿ. ಗಾಯವನ್ನು ಸಾಬೂನು, ನೀರಿನಿಂದ ತೊಳೆದು ಕೂಡಲೇ ಆಸ್ಪತ್ರೆಗೆ ಬರಬೇಕೆಂಬ ತಿಳಿವಳಿಕೆಯನ್ನೂ ಅಲ್ಲಿಯೇ ನೀಡಲಿ.

ಕೊಟ್ಟಿಗೆಯ ಬಾಗಿಲಿಗೆ ಬರಬಲ್ಲ ಸರ್ಕಾರಕ್ಕೆ ಪಕ್ಕದ ಮನೆಯ ಬಾಗಿಲು ದೂರವಾಗಬಾರದು.